ದೂರದ ಬೆಟ್ಟವೂ ಪ್ರವಾಸಿಯ ಮಾತೂ

ನಿವೃತ್ತನಾದ ಮೇಲೆ ನನಗೆ ಒದಗಿಬಂದ ಭಾಗ್ಯಗಳಲ್ಲಿ ಒಂದೆಂದರೆ, ಹಳೆಯ ವಿದ್ಯಾರ್ಥಿಗಳು ತಾವು ಬರೆದುದನ್ನು ನನ್ನ ಓದಿಗೆಂದು ಕಳುಹಿಸಿಕೊಡುವುದು. ಮೊದಮೊದಲು ಕವಿತೆಗಳು ಬರುತ್ತಿದ್ದವು. ಈಚೆಗೆ ಬರುವುದೆಲ್ಲ ಪ್ರವಾಸ ಕಥನಗಳೇ. ಬಸವಕಲ್ಯಾಣ, ಹುಮನಾಬಾದಿನ ಹುಡುಗರು ಇಂದು ಪುಣೆ, ಹೈದರಾಬಾದು, ಬೆಂಗಳೂರುಗಳಲ್ಲಿ ನೌಕರಿಯಲ್ಲಿದ್ದಾರೆ. ನಾಲ್ಕು ದಿನ ರಜೆ ಸಿಕ್ಕಿತೆಂದರೆ ಮನಾಲಿ, ಲಡಾಖ್, ಕೇದಾರ, ಕೊಡಗು ಎಂದು ಹೊರಟುಬಿಡುತ್ತಾರೆ. ಹೋಗುವುದೆಲ್ಲ ಬೆಟ್ಟದ ನಾಡಿಗೇ ಎಂಬುದು ಗಮನಿಸಬೇಕಾದ ಸಂಗತಿ. ಅದು ಸಹಜವೂ ಹೌದು. ನಮ್ಮದು ಕರಿನೆಲ ಮತ್ತು ಕೆಂಪು ಜಂಬಿಟ್ಟಿಗೆಯ ಮಡ್ಡಿ. ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರದಲ್ಲಿದ್ದರೂ ನಾವು ಎತ್ತರದಲ್ಲಿದ್ದೇವೆಂಬುದು ನಮಗೇ ತಿಳಿಯದಷ್ಟು ಸಮತಟ್ಟಾದ ಪ್ರಸ್ಥಭೂಮಿ. ತೊಗರಿ, ಜೋಳ, ಕಬ್ಬಿನ ಹೊಲಗಳ ಆಚೆ ಕಣ್ಣಿಗೆ ತಡೆಯೇ ಇಲ್ಲದ ಕಡೆ ಬೆಳೆದವನಿಗೆ ಬೆಟ್ಟವೆಂದರೆ ಬೆರಗು ಹುಟ್ಟದೆ ಹೇಗಿದ್ದೀತು?

ಬೆರಗಿನ ಬಗ್ಗೆ ನನ್ನ ತಕರಾರಿಲ್ಲ. ಬೆರಗನ್ನು ಹೇಳಲು ಬಳಸುವ ಭಾಷೆಯ ಬಗ್ಗೆ ಇದೆ.

ಈ ಬರಹಗಳಲ್ಲಿ ಬೆಟ್ಟ ಯಾವಾಗಲೂ ಹಸಿರು ಸೀರೆ ಉಟ್ಟಿರುತ್ತದೆ, ಅಥವಾ ಮಂಜಿನ ಮುಸುಕು ಹೊದ್ದ ನವವಧುವಾಗಿರುತ್ತದೆ. ಅದು ಕೈಬೀಸಿ ಕರೆಯುತ್ತದೆ. ರಸ್ತೆ ತಪ್ಪದೆ ಹಾವಿನಂತೆ ಬಳುಕುತ್ತದೆ. ಕಣಿವೆ ರುದ್ರರಮಣೀಯ, ನದಿ ನರ್ತಕಿ, ಜನರೆಲ್ಲ ಮುಗ್ಧರು. ಕೊನೆಗೆ, "ಈ ಸೌಂದರ್ಯ ಪದಗಳಿಗೆ ನಿಲುಕದು" ಎಂಬ ವಾಕ್ಯ ಬಂದೇ ತೀರುತ್ತದೆ. ಅದು ಹನ್ನೆರಡು ಪುಟ ಪದಗಳನ್ನು ಬಳಸಿದ ಮೇಲೆ! ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಪಕ್ಕದವನದನ್ನು ನೋಡಿ ಬರೆದ ಉತ್ತರಗಳು ಹೇಗೆ ಒಂದೇ ಬಗೆಯಾಗಿರುತ್ತವೆಯೋ ಹಾಗೆ. ಹೆಸರನ್ನು ಮುಚ್ಚಿ ಓದಿದರೆ ಅದು ಹಿಮಾಚಲವೋ ಕೊಡಗೋ ಸಿಕ್ಕಿಮ್ಮೋ ಹೇಳಲು ಬಾರದು. ಒಂದು ನಾಡನ್ನು ಕುರಿತ ಬರಹದಿಂದ ಆ ನಾಡಿನ ಹೆಸರನ್ನು ತೆಗೆದು ಇನ್ನೊಂದರ ಹೆಸರನ್ನು ಇಟ್ಟರೂ ಏನೂ ಕೆಡುವುದಿಲ್ಲವೆಂದಾದರೆ, ಬರೆದವನು ಅಲ್ಲಿಗೆ ಹೋದದ್ದಾದರೂ ಏತಕ್ಕೆ?

"ಸರ್, ಇದು ಮನರಂಜನೆಗಾಗಿ ಬರೆದದ್ದು, ಇಷ್ಟೇಕೆ ಕಟ್ಟುನಿಟ್ಟು" ಎಂದು ಕೆಲವರು ಕೇಳಬಹುದು. ನಾನು ಇದನ್ನು ಬರಿಯ ಶೈಲಿಯ ಪ್ರಶ್ನೆ ಎಂದು ತಿಳಿದಿಲ್ಲ. ಏಕೆಂದರೆ ನಾವೂ ಪ್ರವಾಸಿಗಳ ಬರಹದಲ್ಲಿ ಬಂದುಹೋದವರು. ಹೊರಗಿನವರು ನಮ್ಮನ್ನು ಒಂದು ಮಾತಿನಲ್ಲಿ ಮುಗಿಸಿದಾಗ ಹೇಗಾಗುತ್ತದೆಂಬುದು ನಮಗೆ ಗೊತ್ತು. ಬೀದರ ಜಿಲ್ಲೆಗೆ ಬಂದುಹೋದವರು ಬರೆದುದನ್ನು ನೋಡಿರಿ: ಬಿಸಿಲ ನಾಡು, ಬರಡು ನಾಡು, ಹಿಂದುಳಿದ ನಾಡು. ಕಾರಂಜಾದ ನೀರಾಗಲಿ, ಡಿಸೆಂಬರ್ ತಿಂಗಳ ನಮ್ಮ ಕೊರೆಯುವ ಚಳಿಯಾಗಲಿ, ಒಂದೇ ಓಣಿಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಕೇಳಿಬರುವುದಾಗಲಿ ಅವರ ಕಣ್ಣಿಗೆ ಬೀಳುವುದಿಲ್ಲ. ಹೈದರಾಬಾದ್ ಕರ್ನಾಟಕವೆಂಬ ಹೆಸರು 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಆದರೆ ಬರೆಯುವವರ ವಿಶೇಷಣಗಳು ಬದಲಾಗಲಿಲ್ಲ. ಅವರು ನಮಗೆ ಮಾಡುವುದನ್ನೇ ನಾವು ಬೆಟ್ಟದವರಿಗೆ ಮಾಡುತ್ತಿದ್ದೇವೆ. ಅವರು ಬಯ್ಯುತ್ತಾರೆ, ನಾವು ಹೊಗಳುತ್ತೇವೆ. ನೋಡದೆ ಬರೆಯುವುದು ಎರಡರಲ್ಲಿಯೂ ಒಂದೇ.

ಹದಿನೈದನೆಯ ಶತಮಾನದಲ್ಲಿ, 1470ರ ಆಸುಪಾಸಿನಲ್ಲಿ, ಅಫನಾಸಿ ನಿಕಿತಿನ್ ಎಂಬ ರಷ್ಯದ ವ್ಯಾಪಾರಿ ಒಂದು ಕುದುರೆಯೊಡನೆ ಬಹಮನಿ ಸುಲ್ತಾನರ ಬೀದರಿಗೆ ಬಂದ. ಅವನ ಬರಹದಲ್ಲಿ ನಮ್ಮ ನೆರೆಯ ಆಳಂದವೂ ಬರುತ್ತದೆ. ಅಲ್ಲಿ ಗುಕ್ ಗುಕ್ ಎಂದು ಕೂಗುತ್ತ ರಾತ್ರಿ ಹಾರುವ ಹಕ್ಕಿಯೊಂದಿದೆ, ಅದು ಕುಳಿತ ಮನೆಯಲ್ಲಿ ಸಾವಾಗುತ್ತದೆ, ಕೊಲ್ಲಹೋದರೆ ಅದರ ಬಾಯಿಂದ ಬೆಂಕಿ ಬರುತ್ತದೆ ಎಂದು ಅವನು ಬರೆದಿದ್ದಾನೆ. ನಮ್ಮ ಗೂಗೆ! ಆಳಂದದ ಗೂಗೆ ಬೆಂಕಿ ಉಗುಳಿದ್ದನ್ನು ನಾವಾರೂ ಕಂಡಿಲ್ಲ. ಆದರೆ ಅದೇ ನಿಕಿತಿನ್ ಆಳಂದದ ಜಾತ್ರೆಯಲ್ಲಿ ಎಷ್ಟು ದಿನ ವ್ಯಾಪಾರ ನಡೆಯುತ್ತದೆ, ಎಷ್ಟು ಕುದುರೆ ಮಾರಾಟಕ್ಕೆ ಬರುತ್ತವೆ ಎಂದು ಹೇಳುವಾಗ ನಂಬಿಕೆಗೆ ತಕ್ಕವನಾಗುತ್ತಾನೆ. ಅದು ಅವನ ಕಸುಬು. ಇನ್ನೊಂದು ಮುಖ್ಯ ಸಂಗತಿ: ಮೊದಲು ಅವನು ಬರೆಯುವುದು ಜನರ ಬತ್ತಲೆ ಮೈ, ತನ್ನ ಬಿಳಿಯ ಬಣ್ಣವನ್ನು ನೋಡಲು ಬೆನ್ನಟ್ಟಿ ಬರುವ ಗುಂಪು, ಇಂಥವನ್ನು. ಬೀದರಿನಲ್ಲಿ ತಿಂಗಳುಗಟ್ಟಲೆ ಇದ್ದು, ತಾನು ಯಾರು, ತನ್ನ ಧರ್ಮ ಯಾವುದು ಎಂಬುದನ್ನು ಮುಚ್ಚುಮರೆಯಿಲ್ಲದೆ ಜನರಿಗೆ ಹೇಳಿದ ಮೇಲೆ ಅವರೂ ತಮ್ಮ ಊಟ, ಪೂಜೆ, ವ್ಯವಹಾರಗಳನ್ನು ಅವನಿಂದ ಮುಚ್ಚಿಡಲಿಲ್ಲ. ಅಲ್ಲಿಂದ ಮುಂದೆ ಅವನ ಬರಹದಲ್ಲಿ ಮನುಷ್ಯರು ಕಾಣಿಸಿಕೊಳ್ಳುತ್ತಾರೆ.

ಬೆಟ್ಟದ ನಾಡನ್ನು ಕುರಿತು ಬರೆದವರ ವಿಷಯಕ್ಕೆ ಬಂದರೆ, ಬಹಳ ದೂರ ಹೋಗಬೇಕಾಗಿಲ್ಲ. ನಮ್ಮ ಕಲ್ಯಾಣದಲ್ಲಿಯೇ ಅಂಥವನೊಬ್ಬನಿದ್ದ. ಆರನೆಯ ವಿಕ್ರಮಾದಿತ್ಯನ (1076–1126) ಆಸ್ಥಾನದಲ್ಲಿ ವಿದ್ಯಾಪತಿಯಾಗಿದ್ದ ಬಿಲ್ಹಣ ಕಾಶ್ಮೀರದವನು. ಅವನು 'ವಿಕ್ರಮಾಂಕದೇವಚರಿತ'ದ ಹದಿನೇಳು ಸರ್ಗಗಳಲ್ಲಿ ಅರಸನ ಕಥೆಯನ್ನು ಹೇಳಿ, ಹದಿನೆಂಟನೆಯದರಲ್ಲಿ ತನ್ನ ನಾಡನ್ನೂ ತನ್ನ ಅಲೆದಾಟವನ್ನೂ ಹೇಳಿಕೊಳ್ಳುತ್ತಾನೆ. ನಮ್ಮ ಕರಿನೆಲದ ಮೇಲೆ ಕುಳಿತು, ಹಿಮವನ್ನೇ ಕಾಣದ ಜನರಿಗೆ ಕಾಶ್ಮೀರವನ್ನು ಹೇಳಬೇಕಾಗಿತ್ತು ಅವನಿಗೆ. ಹೇಳಿದ್ದು ಹೇಗೆ? ವಿತಸ್ತಾ ನದಿ, ಪ್ರವರಪುರ, ಅಲ್ಲಿಂದ ಇಷ್ಟು ದೂರದಲ್ಲಿ ಜಯವನ, ಅಲ್ಲಿ ತಕ್ಷಕ ನಾಗನ ಕೊಳ, ಅದರ ಬಳಿ ಖೋನಮುಖವೆಂಬ ತನ್ನ ಊರು, ಊರಿನ ಒಂದು ಬದಿಗೆ ಕೇಸರಿ, ಇನ್ನೊಂದು ಬದಿಗೆ ದ್ರಾಕ್ಷಿ. ಅಭಿಮಾನವಿದೆ, ಉತ್ಪ್ರೇಕ್ಷೆಯೂ ಇದೆ. ಅಲ್ಲಿಯ ಹೆಂಗಸರಿಗೆ ಸಂಸ್ಕೃತ, ಪ್ರಾಕೃತಗಳು ಮನೆಮಾತಿನಂತೆ ಎಂದೂ ಹೇಳುತ್ತಾನೆ. ಇರಲಿ, ಪರವೂರಿನಲ್ಲಿ ಕುಳಿತವನು ತವರನ್ನು ಸ್ವಲ್ಪ ಹೆಚ್ಚಾಗಿಯೇ ಹೊಗಳುತ್ತಾನೆ. ಆದರೆ ದೂರ, ದಿಕ್ಕು, ಬೆಳೆ, ನೀರು ಇವುಗಳಲ್ಲಿ ಅವನು ತಪ್ಪಲಿಲ್ಲ. ಜರ್ಮನಿಯ ವಿದ್ವಾಂಸ ಗಿಯೋರ್ಗ್ ಬ್ಯೂಲರ್ 1874ರಲ್ಲಿ ಜೈಸಲ್ಮೇರಿನಲ್ಲಿ ಈ ಕಾವ್ಯದ ಹಸ್ತಪ್ರತಿಯನ್ನು ಕಂಡು, ಮರುವರ್ಷ ಅಚ್ಚುಹಾಕಿಸಿದರು. 1875ರಲ್ಲಿ ಕಾಶ್ಮೀರಕ್ಕೆ ಹೋದಾಗ ಆ ಊರನ್ನೂ ಗುರುತಿಸಿದರು. ಎಂಟುನೂರು ವರ್ಷಗಳ ಮೇಲೆ ಒಂದು ವರ್ಣನೆಯನ್ನು ಹಿಡಿದು ಊರನ್ನು ಹುಡುಕಿ ಹೋಗಬಹುದೆಂದರೆ ಅದು ಸಾಮಾನ್ಯ ಮಾತಲ್ಲ. "ನವವಧುವಿನಂತಿರುವ ಕಣಿವೆ" ಎಂಬ ಮಾತನ್ನು ಹಿಡಿದು ಯಾರಾದರೂ ಯಾವ ಊರಿಗಾದರೂ ತಲುಪಿಯಾರೇ?

ಅದೇ ಸರ್ಗದಲ್ಲಿ ಅದೇ ಬಿಲ್ಹಣ ಗುಜರಾತಿನ ಬಗ್ಗೆ ಬರೆದುದನ್ನೂ ನೋಡಬೇಕು. ಅಲ್ಲಿ ಅವನಿಗೆ ತಕ್ಕ ಮನ್ನಣೆ ದೊರೆಯಲಿಲ್ಲವೆಂದು ತೋರುತ್ತದೆ. ಆ ಜನಕ್ಕೆ ಸರಿಯಾಗಿ ಉಡುವುದಕ್ಕೂ ಬಾರದು, ಮಾತನಾಡುವುದಕ್ಕೂ ಬಾರದು ಎಂದು ಒಂದೇ ಶ್ಲೋಕದಲ್ಲಿ ಬೀಸಿ ಒಗೆದುಬಿಡುತ್ತಾನೆ. ತನ್ನ ಊರಿಗೆ ಕೊಳ, ತೋಟ, ಕೇಸರಿ. ಪರರ ನಾಡಿಗೆ ಒಂದು ಬೈಗುಳ. ಮಹಾಕವಿಗೂ ಇದು ತಪ್ಪಲಿಲ್ಲ. (ಅರಸನನ್ನು ಹೊಗಳುವುದರಲ್ಲಿ ಮಾತ್ರ ನಮ್ಮ ಕಡೆಯವರು ಬಿಲ್ಹಣನಿಗೆ ಸೋಲಲಿಲ್ಲ. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಗುಡಿಯ ಗೋಡೆಯ ಮೇಲೆ ಅದೇ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತ ನಿಂತ ಶಿಲಾಬಾಲಿಕೆಯನ್ನು ನಿಮಗೆಲ್ಲ ಶಾಲೆಯ ಪ್ರವಾಸದಲ್ಲಿ ತೋರಿಸಿದ್ದೇನೆ. ಆಗ ನಿಮ್ಮ ಗಮನವೆಲ್ಲ ಬುತ್ತಿಯ ಮೇಲಿತ್ತು.)

ಈಗ 'ಮುಗ್ಧ ಜನ' ಎಂಬ ಮಾತಿಗೆ ಬರುತ್ತೇನೆ. ನನಗೆ ಅತ್ಯಂತ ಸಿಟ್ಟು ಬರಿಸುವ ಮಾತು ಇದು. ಗಢವಾಲದ ಹೆಂಗಸೊಬ್ಬಳು ಬೆನ್ನಿಗೆ ಹುಲ್ಲಿನ ಹೊರೆ ಹೊತ್ತು ಎದುರಿಗೆ ಬರುತ್ತಾಳೆ. ನಮ್ಮವನು ಹರಕುಮುರುಕು ಹಿಂದಿಯಲ್ಲಿ ಏನೋ ಕೇಳುತ್ತಾನೆ. ಅವಳು ನಕ್ಕು ಮುಂದೆ ಹೋಗುತ್ತಾಳೆ. ಬರಹದಲ್ಲಿ ಅವಳು ಮುಗ್ಧೆಯಾಗುತ್ತಾಳೆ! ಅವಳಿಗೆ ಮಾತನಾಡಲು ಪುರಸೊತ್ತಿಲ್ಲದಿರಬಹುದು, ಇವನ ಮಾತು ತಿಳಿಯದಿರಬಹುದು, ಇಂಥವರನ್ನು ದಿನಕ್ಕೆ ನಲವತ್ತು ಜನರನ್ನು ನೋಡಿ ಬೇಸತ್ತಿರಬಹುದು. ನಮ್ಮ ಅಜ್ಜಿಯಂದಿರ ಬಗ್ಗೆಯೂ ಪಟ್ಟಣದವರು ಹೀಗೆಯೇ ಹೇಳುತ್ತಿದ್ದರು; ಹೊಲದ ಲೆಕ್ಕ, ಬಡ್ಡಿಯ ಲೆಕ್ಕ, ದಾಯಾದಿಗಳ ನ್ಯಾಯ ಎಲ್ಲವನ್ನೂ ತುದಿಬೆರಳಿನಲ್ಲಿ ಇಟ್ಟುಕೊಂಡಿದ್ದ ಆ ಮುದುಕಿಯರು ಎಷ್ಟು ಮುಗ್ಧರೆಂಬುದು ನಮ್ಮ ಬಂಧುಗಳಿಗೆ ಚೆನ್ನಾಗಿ ಗೊತ್ತು. ಮುಗ್ಧ ಎಂದು ಕರೆದರೆ ಮುಂದೆ ಏನನ್ನೂ ಕೇಳಬೇಕಾಗಿಲ್ಲ. ಹೊರೆ ಎಷ್ಟು ತೂಕ, ಹುಲ್ಲು ಎಲ್ಲಿಯದು, ಅವಳ ಮನೆಯ ಗಂಡಸರು ಯಾವ ಊರಿನಲ್ಲಿ ದುಡಿಯುತ್ತಿದ್ದಾರೆ ಎಂಬುದೆಲ್ಲ ಆ ಒಂದು ಪದದ ಕೆಳಗೆ ಮುಚ್ಚಿಹೋಗುತ್ತದೆ. ಕೇದಾರದ ಕಥನಗಳಲ್ಲಿ ಒಂದು ವಿಚಿತ್ರ ನೋಡಿದ್ದೇನೆ. ಹೇಸರಗತ್ತೆಗೆ ಹೆಸರಿರುತ್ತದೆ, ಅದನ್ನು ಹದಿನಾರು ಕಿಲೋಮೀಟರು ನಡೆಸಿಕೊಂಡು ಬಂದವನಿಗೆ ಹೆಸರಿರುವುದಿಲ್ಲ.

ಹೊರಗಿನವನ ಮಾತಿಗೆ ಎಷ್ಟು ಬಲವಿದೆಯೆಂದರೆ, ಅದು ನೆಲದ ಹೆಸರನ್ನೇ ಬದಲಿಸಬಲ್ಲದು. ಜೇಮ್ಸ್ ಹಿಲ್ಟನ್ ಎಂಬ ಇಂಗ್ಲಿಷ್ ಕಾದಂಬರಿಕಾರ 1933ರಲ್ಲಿ ಟಿಬೆಟಿನ ಕಡೆಯ ಬೆಟ್ಟಗಳ ನಡುವೆ ಶಾಂಗ್ರಿ-ಲಾ ಎಂಬ ಮುಪ್ಪಿಲ್ಲದ ಕಣಿವೆಯನ್ನು ಕಲ್ಪಿಸಿದ. 2001ರಲ್ಲಿ ಚೀನಾ ತನ್ನ ಯುನ್ನಾನ್ ಪ್ರಾಂತದ ಒಂದು ಕೌಂಟಿಗೆ, ಪ್ರವಾಸಿಗಳಿಗಾಗಿ, ಆ ಕಲ್ಪಿತ ಹೆಸರನ್ನೇ ಇಟ್ಟಿತು. ಪೆರು ದೇಶದ ಮಾಚುಪಿಚುವನ್ನು ಅಮೆರಿಕದ ಹೈರಮ್ ಬಿಂಗಹ್ಯಾಮ್ 1911ರಲ್ಲಿ 'ಕಂಡುಹಿಡಿದ' ಎಂದು ಪಾಠಗಳಲ್ಲಿ ಓದುತ್ತೇವೆ, 'ಕಳೆದುಹೋದ ನಗರ' ಎಂದು ಅದು ಪ್ರಸಿದ್ಧವಾಯಿತು. ಅವನು ಏರಿ ಹೋದಾಗ ಅಲ್ಲಿ ರೈತ ಕುಟುಂಬಗಳು ಇಂಕಾಗಳ ಮೆಟ್ಟಿಲುಗದ್ದೆಗಳಲ್ಲಿ ಬೆಳೆ ತೆಗೆಯುತ್ತಿದ್ದವು. ಬೆಟ್ಟದ ದಾರಿ ತೋರಿಸಿದವನೂ ಅಲ್ಲಿಯ ರೈತನೇ. ಯಾರಿಗೆ ಕಳೆದುಹೋಗಿತ್ತು ಆ ನಗರ? ಕನ್ನಡದ ಓದುಗರನ್ನು ಆ ಆಂಡೀಸ್ ಪರ್ವತಗಳಿಗೆ ಕರೆದೊಯ್ದ ನೇಮಿಚಂದ್ರರ 'ಪೆರುವಿನ ಪವಿತ್ರ ಕಣಿವೆಯಲ್ಲಿ' ಎಂಬ ಪುಸ್ತಕವನ್ನು ಇಂಥ ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿರಿ ಎಂದು ಹೇಳುತ್ತೇನೆ.

ನಮ್ಮ ರಾಜ್ಯದಲ್ಲಿಯೇ ಇದೆಯಲ್ಲ, 'ಭಾರತದ ಸ್ಕಾಟ್ಲೆಂಡ್'! ಬ್ರಿಟಿಷರಿಗೆ ಕೊಡಗನ್ನು ನೋಡಿ ತಮ್ಮ ಸೀಮೆಯ ನೆನಪಾಯಿತು, ಹಾಗೆಂದರು. ಅದು ಅವರ ಮಟ್ಟಿಗೆ ನಿಜವಾದ ಅನುಭವ. ಸ್ಕಾಟ್ಲೆಂಡನ್ನು ಕಾಣದ ನಾವು ಅದನ್ನು ಇಂದಿಗೂ ಬಿಡದೆ ಬರೆಯುತ್ತಿದ್ದೇವೆ. ಕಾಣದ ಒಂದು ನಾಡನ್ನು ಕಾಣದ ಇನ್ನೊಂದು ನಾಡಿಗೆ ಹೋಲಿಸಿದರೆ ಓದುಗನಿಗೆ ಸಿಗುವುದೇನು? ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೊಡಗಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಮಾದಾಪುರದ ಕಡೆಯೆಲ್ಲ ಗುಡ್ಡಗಳು ಜಾರಿ, ಸಾವಿರಾರು ಜನ ಪರಿಹಾರ ಕೇಂದ್ರಗಳನ್ನು ಸೇರಿದಾಗ ಅವಳೂ ಅವರೊಡನೆ ಇದ್ದಳು. ಕೆಲವು ತಿಂಗಳ ಬಳಿಕ ದೂರವಾಣಿಯಲ್ಲಿ ಹೇಳಿದಳು: "ಸರ್, ಗುಡ್ಡ ಜಾರಿದ್ದು ನೋಡ್ಲಿಕ್ಕೂ ಕಾರ್ ತಗೊಂಡು ಬರ್ಲತ್ತಾರ್ರಿ. ನಮ್ ಸಾಲಿ ಮಕ್ಳು ಮಳಿ ಸಪ್ಪಳ ಕೇಳಿದ್ರ ಸಾಕು, ಬೆಂಚಿನ ಬುಡಕ ಹೋಗಿ ಕೂಡ್ಲತ್ತಾವ."

ಅವಳ ಈ ಎರಡು ವಾಕ್ಯಗಳಲ್ಲಿ ಕೊಡಗಿನ ಮಳೆಯ ಬಗ್ಗೆ ನಾನು ತಿಳಿದುಕೊಂಡಷ್ಟನ್ನು ಯಾವ ಪ್ರವಾಸ ಕಥನವೂ ನನಗೆ ತಿಳಿಸಿರಲಿಲ್ಲ.

ಇಳಿಜಾರನ್ನು ನೆಟ್ಟಗೆ ಕಡಿದು ರಸ್ತೆ, ಮನೆ, ರೆಸಾರ್ಟುಗಳನ್ನು ಮಾಡಿದ್ದೂ ಆ ದುರಂತಕ್ಕೆ ಕಾರಣಗಳಲ್ಲಿ ಒಂದೆಂದು ಭೂವಿಜ್ಞಾನಿಗಳು ಆಗಲೇ ಹೇಳಿದರು. ನಮ್ಮ ಬರಹಗಳಲ್ಲಿ ಮಾತ್ರ ಅದು 'ಪ್ರಕೃತಿಮಾತೆಯ ಮುನಿಸು' ಆಯಿತು. ಐದು ವರ್ಷ ಮೊದಲು, 2013ರ ಜೂನ್ 16 ಮತ್ತು 17ರಂದು ಕೇದಾರದಲ್ಲಿ ಆದದ್ದೂ ಹಾಗೆಯೇ. ಭಾರಿ ಮಳೆ, ಮೇಲಿನ ಚೋರಾಬಾರಿ ಸರೋವರದ ಕಟ್ಟೆ ಒಡೆದು ನುಗ್ಗಿದ ನೀರು, ಮಂದಾಕಿನಿಯ ಪಾತ್ರಕ್ಕೇ ಇಳಿದು ನಿಂತಿದ್ದ ಕಟ್ಟಡಗಳು, ಸಾವಿರಾರು ಸಾವು. 'ಶಿವನ ತಾಂಡವ' ಎಂದು ಬರೆದವರು ಎಷ್ಟು ಜನ! ಭಕ್ತನ ಬಾಯಿಂದ ಬಂದ ಮಾತಾದರೆ ಅದಕ್ಕೆ ನಾನು ತಲೆಬಾಗುತ್ತೇನೆ. ಆದರೆ ನದಿಯ ಪಾತ್ರದಲ್ಲಿ ವಸತಿಗೃಹ ಕಟ್ಟಿದವನೂ, ಕಟ್ಟಲು ಬಿಟ್ಟವನೂ ಆ ಮಾತಿನ ಹಿಂದೆ ಅಡಗಿಕೊಳ್ಳುತ್ತಾರೆ. ಬೆಟ್ಟ ನವವಧುವಾಗಿರುವ ತನಕ ಅದಕ್ಕೆ ಭಾರವಾಗುವುದಿಲ್ಲ. ಅದು ಸಿಟ್ಟಾದ ದೇವರಾದ ಮೇಲೆ ಯಾರನ್ನೂ ವಿಚಾರಿಸುವಂತಿಲ್ಲ. ಎರಡೂ ಸಲ ನಾವು ತಪ್ಪಿಸಿಕೊಳ್ಳುತ್ತೇವೆ. ನನಗೆ ಶೈಲಿಯ ಪ್ರಶ್ನೆಯಲ್ಲ ಎಂದು ಮೇಲೆ ಹೇಳಿದ್ದು ಇದಕ್ಕಾಗಿ.

ಹಾಗಾದರೆ ಬೆಟ್ಟವನ್ನು ಹೇಗೆ ಬರೆಯಬೇಕು ಎಂದರೆ, ಕನ್ನಡದಲ್ಲಿ ದಾರಿಗಳಿವೆ. ಶಿವರಾಮ ಕಾರಂತರ 'ಬೆಟ್ಟದ ಜೀವ' (1943) ಕಾದಂಬರಿ. ಆದರೆ ಅದರ ನಿರೂಪಕ ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ಪ್ರಯಾಣಿಕ. ಅವನು ಗೋಪಾಲಯ್ಯ ದಂಪತಿಗಳ ಮನೆಯಲ್ಲಿ ಉಳಿದು ನೋಡುವ ಬೆಟ್ಟ, ಗೋಪಾಲಯ್ಯನವರು ಕಾಡು ಕಡಿದು ಅಡಕೆ ಹಾಕಿದ ಬೆಟ್ಟ, ಆನೆ ಹುಲಿಗಳ ಕಾಟದ ಬೆಟ್ಟ, ಬಿಟ್ಟುಹೋದ ಮಗನಿಗಾಗಿ ಮುದುಕಿ ಕೊರಗುವ ಬೆಟ್ಟ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಇದೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಪುಸ್ತಕ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡುಬೆಟ್ಟ ಅಲೆದ ಮೇಷ್ಟ್ರು ಅವರು. ಅವರಿಗೆ 'ಹಸಿರು' ಎಂಬ ಮಾತು ಸಾಲದು. ಯಾವ ಗಿಡ, ಎಂಥ ಎಲೆ, ಜನ ಅದಕ್ಕೇನೆಂದು ಕರೆಯುತ್ತಾರೆ ಎಂಬುದು ಬೇಕು. ಓದುತ್ತ ನಗುತ್ತೇವೆ, ನಗುತ್ತ ಕಲಿಯುತ್ತೇವೆ.

ಬಯಲಿನವರಾದ ನಮಗೆ ಬೆಟ್ಟದ ಮಾತುಗಳೇ ಕಡಮೆ ಎಂಬ ನೆಪವನ್ನೂ ಕೇಳಿದ್ದೇನೆ. ಗುಡ್ಡ, ಮಡ್ಡಿ, ದಿನ್ನೆ, ಇಷ್ಟೇ ನಮ್ಮ ದಿನಬಳಕೆಯವು. ಮಲೆ, ಕೋಡು, ಕಮರಿ, ಅಬ್ಬಿಗಳನ್ನು ನಾವು ಪುಸ್ತಕದಲ್ಲಿ ಓದಿದವರು ಎಂದು. ಈ ನೆಪಕ್ಕೆ ನಮ್ಮ ಮನೆಯಲ್ಲಿಯೇ ಉತ್ತರವಿದೆ.

ನಮ್ಮ ದೊಡ್ಡಪ್ಪನವರು 1978ರಲ್ಲಿ ಹುಮನಾಬಾದಿನಿಂದ ಕೇದಾರಕ್ಕೆ ಹೋಗಿಬಂದರು. ಕೇದಾರದ ರಾವಲರು ಪರಂಪರೆಯಿಂದ ದಕ್ಷಿಣದ ವೀರಶೈವ ಜಂಗಮರು. ಚಳಿಗಾಲದ ಪೂಜೆ ಉಖೀಮಠದಲ್ಲಿ. ಆದ್ದರಿಂದ ನಮ್ಮ ಕಡೆಯವರಿಗೆ ಆ ದೂರದ ಬೆಟ್ಟ ಎಂದೂ ಪೂರ್ತಿ ಪರಕೀಯವಾಗಿರಲಿಲ್ಲ. ದೊಡ್ಡಪ್ಪನವರು ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಓದಿದವರು. ಕನ್ನಡ ಅಕ್ಷರಗಳನ್ನು ಆಮೇಲೆ ತಾವಾಗಿಯೇ ಕಲಿತರು. ಯಾತ್ರೆಗೆ ಒಯ್ದ ಖರ್ಚಿನ ವಹಿಯಲ್ಲಿಯೇ ದಿನಕ್ಕೆ ನಾಲ್ಕಾರು ಸಾಲು ಬರೆದಿಟ್ಟಿದ್ದಾರೆ. ಅವರಿಗೆ 'ರುದ್ರರಮಣೀಯ' ಎಂಬ ಪದ ಗೊತ್ತಿರಲಿಲ್ಲ. ಏರಿಗೆ ಚಢಾವ್, ಇಳಿಜಾರಿಗೆ ಉತಾರ, ಬೆಟ್ಟಕ್ಕೆ ಪಹಾಡ. ಒಂದು ಕಡೆ ಹೀಗಿದೆ: "ಇವತ್ತು ಚಢಾವ್ ಜೋರು. ಹತ್ತು ಹೆಜ್ಜೆಗೆ ಒಮ್ಮೆ ನಿಂತೆ. ಕಟ್ಟಿಗೆ ಇಲ್ಲಿ ತೂಕದ ಮೇಲೆ ಮಾರುತ್ತಾರೆ." ಇನ್ನೊಂದು ಕಡೆ: "ಘೋಡೆವಾಲಾ ನೇಪಾಳದವ. ಅವನ ಮಗನಿಗೆ ಊರಲ್ಲಿ ಜ್ವರ. ಕಾಗದ ಬಂದು ತಿಂಗಳಾಯಿತು." ಆ ಘೋಡೆವಾಲಾನ ಹೆಸರನ್ನೂ ಕೊಟ್ಟ ಹಣವನ್ನೂ ಬರೆದಿದ್ದಾರೆ. ದೇವರ ದರ್ಶನದ ದಿನ ಒಂದೇ ಸಾಲು: "ದರ್ಶನ ಆಯಿತು. ಕೈಕಾಲು ಮರಗಟ್ಟಿದ್ದವು. ಅತ್ತೆ." ಇಷ್ಟೇ. ಇದನ್ನು ಓದುವಾಗಲೆಲ್ಲ ನನಗೆ ಆ ಚಳಿ ಮೈಗೆ ತಾಗುತ್ತದೆ.

ಆ ವಹಿಯಲ್ಲಿ ಒಂದು ಪುಟ ರಾಮಬಾಡಾದ್ದು. ಗೌರಿಕುಂಡದಿಂದ ಕೇದಾರಕ್ಕೆ ಏರುವ ಹಳೆಯ ದಾರಿಯ ನಡುವೆ ಇದ್ದ ಊರು ಅದು. ಚಹಾ ಕುಡಿದ ಅಂಗಡಿ ಯಾವ ಬದಿಗಿತ್ತು, ಅಂಗಡಿಯವನ ಹೆಂಡತಿ ರೊಟ್ಟಿಗೆ ಯಾವ ಹಿಟ್ಟು ನಾದುತ್ತಿದ್ದಳು, ಹಿತ್ತಲಿಗೂ ನದಿಗೂ ನಡುವೆ ಎಷ್ಟು ಹೆಜ್ಜೆ, ರಾತ್ರಿ ನೀರಿನ ಸಪ್ಪಳಕ್ಕೆ ಯಾರಿಗೆಲ್ಲ ನಿದ್ದೆ ಬರಲಿಲ್ಲ ಎಂದು ಬರೆದಿದ್ದಾರೆ. 2013ರ ಆ ನೀರಿನಲ್ಲಿ ರಾಮಬಾಡಾ ಇಲ್ಲವಾಯಿತು. ಈಗಿನ ದಾರಿಯನ್ನು ನದಿಯ ಆಚೆಯ ದಡದಲ್ಲಿ ಹೊಸದಾಗಿ ಮಾಡಿದ್ದಾರೆ. ಹಿತ್ತಲಿನಿಂದ ನದಿಗೆ ಹನ್ನೆರಡು ಹೆಜ್ಜೆ ಎಂದಿದೆ ವಹಿಯಲ್ಲಿ. ಪುಟದ ಕೆಳಗಿನ ಅಂಚು ಒದ್ದೆಯಾಗಿ ಮೂರು ಸಾಲು ಅಳಿಸಿಹೋಗಿವೆ. ಆ ಯಾತ್ರೆಗೆ ದೊಡ್ಡಪ್ಪನವರ ಜೊತೆ ಹೋದವರ ಮಕ್ಕಳಾರಾದರೂ ಇದನ್ನು ಓದುತ್ತಿದ್ದರೆ, ಆ ರಾತ್ರಿಯ ಬಗ್ಗೆ ಮನೆಯಲ್ಲಿ ಹಿರಿಯರು ಹೇಳಿದ್ದು ನೆನಪಿದ್ದರೆ, ದಯವಿಟ್ಟು ನನಗೆ ಬರೆದು ತಿಳಿಸಿರಿ.